ಚಾಚಾ ಹಂಚಿದ ಮನೆಗಳು

ಅವರ ಹುಬ್ಬಿನ ಮೇಲೆ ಸದಾ ಹಿಟ್ಟು. ಬಲಹುಬ್ಬಿನ ಮೇಲೆ ಎಂದು ನನ್ನ ನೆನಪು. ಎಡಗಡೆ ಎನ್ನುತ್ತಾಳೆ ಹೆಂಡತಿ. ಇರಲಿ, ನಕ್ಕರೆ ಉದುರುತ್ತಿತ್ತು.

ಒಮಾನಿನ ಬೌಷರ್‌ನಲ್ಲಿ ನಮ್ಮ ಕಟ್ಟಡದ ಕೆಳಗೇ ಅವರ ರೊಟ್ಟಿಯಂಗಡಿ. ಎಲ್ಲರಿಗೂ ಅವರು ಚಾಚಾ. ಕುರ್ದಿ ಜನ, ಇರಾಕ್–ಟರ್ಕಿ ಗಡಿಯ ಬೆಟ್ಟದವರು. ಅವರು ಚಿಕ್ಕವರಿದ್ದಾಗ ಸೈನಿಕರು ಬಂದು ಊರು ಖಾಲಿ ಮಾಡಿಸಿದರು. ಆಮೇಲೆ ಅಲ್ಲಿ ಯಾರೂ ಒಲೆ ಹಚ್ಚಿಲ್ಲ. ಸಾಯುವುದರೊಳಗೆ ಒಮ್ಮೆ ತಮ್ಮ ಹೊಸ್ತಿಲ ಮೇಲೆ ಕೂತು ಚಹಾ ಕುಡಿಯಬೇಕು ಎಂಬುದೊಂದೇ ಆಸೆ. ಗಡಿಯಲ್ಲಿ ಗುಂಡಿನ ಸದ್ದು ನಿಂತರೆ ತಾನೆ?

ಮಾರ್ಚಿನಲ್ಲಿ ಅವರ ಹೊಸವರ್ಷ. ಅಂದು ಅಂಗಡಿ ಮುಚ್ಚಿ, ನಮ್ಮನ್ನೂ ಕಾರಿಗೆ ತುಂಬಿಕೊಂಡು, ಒಮಾನಿನ ಬೆಟ್ಟದಲ್ಲಿ ಜನ ಬಿಟ್ಟುಹೋದ ಒಂದು ಕಲ್ಲಿನ ಊರಿಗೆ ಹೋಗುತ್ತಿದ್ದರು. ಕುಸಿದ ಪ್ರತಿ ಮನೆಯ ಮುಂದೂ ನಿಂತು ಜೋರಾಗಿ ಸಲಾಂ ಹೇಳಿ, ಉತ್ತರಕ್ಕೆ ಕಾಯುವವರಂತೆ ಸ್ವಲ್ಪ ತಡೆಯುತ್ತಿದ್ದರು. ಬಿಟ್ಟುಬಂದ ತಮ್ಮೂರನ್ನು ಅಲ್ಲಿ ಹಾಸಿ, ಒಂದೊಂದು ಮನೆಯನ್ನು ಊರಿನ ಒಬ್ಬೊಬ್ಬರಿಗೆ ಹಂಚುತ್ತಿದ್ದರು.

"ಇದು ನಮ್ಮತ್ತೆ ಮನೆ," ಎಂದರು ಒಂದು ವರ್ಷ.

"ಚಾಚಾ, ಹೋದ ವರ್ಷ ಇದು ಕಮ್ಮಾರನ ಮನೆಯಾಗಿತ್ತಲ್ಲ?"

"ಅವನಿಗೆ ಬಾಯಿ ಜಾಸ್ತಿ. ಅತ್ತೆ ಓಡಿಸಿದಳು."

"ಹಾಗಾದ್ರೆ ನಮಗೂ ಒಂದು ಕೊಡಿ," ಎಂದಳು ಹೆಂಡತಿ.

"ನೀವು ಮೇಲಿನ ಮನೆಯವರು. ಆಕ್ರೋಟ್ ಮರದ ಹತ್ತಿರ ನೋಡೋಣ."

ಅಷ್ಟರಲ್ಲಿ ಕೆಳಗಿನ ಖರ್ಜೂರದ ತೋಟದಿಂದ ಒಮಾನಿ ಮುದುಕರೊಬ್ಬರು ಹತ್ತಿ ಬಂದರು. ಕೈಯಲ್ಲಿ ಕುಡುಗೋಲಿತ್ತೋ ಊರುಗೋಲಿತ್ತೋ, ನಾವು ಹೆದರಿದ್ದಂತೂ ನಿಜ.

"ಯಾರ ಮನೆ ಇದು?" ಎಂದು ಕೇಳಿದರು.

"ನಮ್ಮತ್ತೆಯದು," ಚಾಚಾ ಎದೆಯುಬ್ಬಿಸಿ ಹೇಳಿಬಿಟ್ಟರು.

"ನಾನು ಹುಟ್ಟಿದ್ದು ಇದರಲ್ಲಿ."

ಚಾಚಾ ಮುಖ ಇಳಿಯಿತು. ಅರಬ್ಬಿಯಲ್ಲಿ ತಡವರಿಸುತ್ತಾ ಎಲ್ಲವನ್ನೂ ಹೇಳಿದರು: ಸೈನಿಕರು, ಗಡಿ, ಹೊಸ್ತಿಲು, ಅತ್ತೆ ಓಡಿಸಿದ ಕಮ್ಮಾರ. ಮುದುಕರು ಮನೆಯನ್ನೊಮ್ಮೆ, ಚಾಚಾರನ್ನೊಮ್ಮೆ ನೋಡಿದರು.

"ನಿನ್ನತ್ತೆ ಒಳಗಿದ್ದಾಳಾ? ಕಾಫಿ ಮಾಡೋಕೆ ಹೇಳು."

ಕಾಫಿ ಬಂದದ್ದು ಮುದುಕರ ಫ್ಲಾಸ್ಕಿನಿಂದ. ಆಮೇಲೆ ಕೈಕೈ ಹಿಡಿದು ಕುಣಿತ. ಸಾಲಿನ ಮುಂದೆ ಕರವಸ್ತ್ರ ಬೀಸುತ್ತಾ ಚಾಚಾ, ಕೊನೆಯಲ್ಲಿ ಹೆಜ್ಜೆ ತಪ್ಪುತ್ತಾ ನಾನು. ಮುಂದಿನ ವರ್ಷ ಹೋದಾಗ ಮುದುಕರು ಬಾಗಿಲಲ್ಲೇ ಕೂತು ಕಾಯುತ್ತಿದ್ದರು. "ಕಮ್ಮಾರ ಬರಲಿಲ್ವಾ?"

ಈ ವರ್ಷ ಗಡಿ ತಣ್ಣಗಾಗಿದೆ ಎಂಬ ಸುದ್ದಿ ಬಂತು. "ಖಲಾಸ್, ನಾನು ಹೊರಟೆ," ಎಂದರು ಚಾಚಾ. ಅಂಗಡಿಯನ್ನು ಬೇರೆಯವರಿಗೆ ಬಿಟ್ಟು ಹೋಗೇಬಿಟ್ಟರು.

ಮೊನ್ನೆ ವೀಡಿಯೊ ಕಾಲ್. ಮೊಣಕಾಲೆತ್ತರದ ಹುಲ್ಲು, ಕೈಯಲ್ಲಿ ಚಹಾ ಲೋಟ. ಹುಬ್ಬಿನಲ್ಲಿ ಹಿಟ್ಟಿಲ್ಲ, ಗುರುತು ಹಿಡಿಯಲು ಕ್ಷಣ ಬೇಕಾಯಿತು.

"ಗೋಡೆ ಹೋಗಿದೆ. ಹೊಸ್ತಿಲು ಇದೆ!"

ಎದ್ದು, ಫೋನ್ ಹಿಡಿದು ಊರು ಸುತ್ತಿಸಿದರು. ಮನೆಮನೆಗೂ ಸಲಾಂ. ಕೊನೆಗೆ ಆಕ್ರೋಟ್ ಮರದ ಬುಡದ ಒಂದು ಕಲ್ಲುಗುಡ್ಡೆಯ ಮುಂದೆ ನಿಂತರು.

"ಇದು ಬೌಷರ್ ಮೇಲಿನ ಮನೆಯವರದು."

ಸಲಾಂ ಹೇಳಿ, ಕಾದರು. ಇಲ್ಲಿ ನಮ್ಮ ಅಡುಗೆಮನೆಯಿಂದ ನಾವಿಬ್ಬರೂ ಒಟ್ಟಿಗೆ ಓಗೊಟ್ಟೆವು.