ಅಂಜನಮ್ಮ ಕರೆದ ಊಟ

ಹೊಸಕೆರೆಹಳ್ಳಿ ಕೆರೆಯ ಅಂಚಿನ ಹುರುಳಿ ಹೊಲದಲ್ಲಿ ತಗಡಿನ ಶೆಡ್ಡೊಂದು ಎದ್ದು, ಅದಕ್ಕೆ ಸಿನಿಮಾ ಸ್ಟುಡಿಯೊ ಎಂಬ ದೊಡ್ಡ ಹೆಸರು ಬಂದದ್ದು ಐವತ್ತಾರನೇ ಇಸವಿಯಲ್ಲಿ. ಒಳಗೆ ಗೋಣಿತಟ್ಟಿಗೆ ಬಣ್ಣ ಬಳಿದ ಅರಮನೆ, ಹೊರಗೆ ಕೊಚ್ಚೆ. ಅಲ್ಲಿ ಅಡುಗೆ ಮಾಡುತ್ತಿದ್ದವಳು ಅಂಜನಮ್ಮ. ಊರಿನ ಯಾವ ಮದುವೆಗೂ ಅವಳದೇ ಸೌಟು. ಅವಳು ಕರೆದರೆ ಬಾರದ ಮನೆಯಿರಲಿಲ್ಲ.

ಒಂದು ದಿನ ಮ್ಯಾನೇಜರ್ ಶಾಂತವೀರಪ್ಪ, "ನಾಳೆ ಮದ್ವೆ ಊಟದ ಸೀನು. ಅಡುಗೆ ಮಾಡು, ಜನಾನೂ ನೀನೇ ಕರ್ಕೊಂಡ್ ಬಾ" ಎಂದ. ಅಂಜನಮ್ಮನ ಕಿವಿಗೆ ಊಟ ಎಂಬುದಷ್ಟೇ ಬಿತ್ತು. ಸಂಜೆ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗಿ, "ನಾಳೆ ಒಲೆ ಹಚ್ಬೇಡಿ, ಎಲ್ರೂ ಊಟಕ್ಕೆ ಬನ್ನಿ" ಎಂದು ಕರೆದಳು. ಕುಂಕುಮ ಕೊಟ್ಟು ಕರೆದ ಮೇಲೆ ಉಣಿಸದೆ ಕಳಿಸುವುದುಂಟೆ?

ಜನ ಮಡಿ ಬಟ್ಟೆ ಉಟ್ಟು, ಹೊಟ್ಟೆ ಖಾಲಿ ಇಟ್ಟುಕೊಂಡು ಬಂದರು. ಬೆಳಿಗ್ಗೆ ಎಲೆಯ ಮುಂದೆ ಕೂತವರಿಗೆ ಮಧ್ಯಾಹ್ನ ಕಳೆದರೂ ಊಟವಿಲ್ಲ, ದೀಪ ಸರಿಯಾಗಬೇಕಂತೆ. ಕೊನೆಗೆ ಶಾಂತವೀರಪ್ಪ ಹಿಂದೆ ಅಡುಗೆಯ ಕಡೆಗೆ ಸೀಮೆಎಣ್ಣೆ ಡಬ್ಬ ತಂದು ಅನ್ನಕ್ಕೆ, ಹೋಳಿಗೆಗೆ, ಪಾಯಸದ ಕೊಪ್ಪರಿಗೆಗೆ ಸುರಿದ.

"ಇದೇನ್ ಸೋಮಿ ಮಾಡ್ತಿದ್ದೀರ?" ಎಂದಳು ಅಂಜನಮ್ಮ.

"ಇಲ್ದಿದ್ರೆ ಶಾಟ್ ಮುಗಿಯೋಕ್ ಮುಂಚೆ ತಿಂದ್ ಹಾಕ್ತಾರೆ ಈ ಜನ. ತಿಂದಂಗೆ ಮಾಡಿದ್ರೆ ಸಾಕು. ನೀನು ನಗ್ತಾ ಬಡ್ಸು."

ಹಸಿದವರ ಅನ್ನಕ್ಕೆ ಹೀಗೆ ಮಾಡುವ ಇವನೂ ತಾಯಿ ಹಾಲು ಕುಡಿದು ಬೆಳೆದವನೇ? ಥೂ, ಇವನ ಕಲೆಗಿಷ್ಟು ಬೆಂಕಿ ಬೀಳ. ಆದರೆ ಅವಳು ಕೈ ತಡೆಯುವಷ್ಟರಲ್ಲಿ ಸ್ಟುಡಿಯೊದ ಹುಡುಗರು ಬಡಿಸಿಯಾಗಿತ್ತು, ಕ್ಯಾಮೆರಾ ತಿರುಗುತ್ತಿತ್ತು.

ಮೊದಲ ಎಲೆ ಊರ ಹಿರಿಯ ಚಿಕ್ಕಬೈರಪ್ಪನದು. ಅವನು ಕೈ ಮುಗಿದು ತುತ್ತು ಬಾಯಿಗಿಟ್ಟ. ವಾಸನೆ ಬಂದಿರಲೇಬೇಕು. ಅಂಜನಮ್ಮ ಕರೆದ ಊಟವೆಂದು ಉಗುಳಲಿಲ್ಲ, ಅವಳ ಮುಖ ನೋಡುತ್ತಾ ನುಂಗಿದ.

"ಮುದ್ಕ ಚೆನ್ನಾಗ್ ಮಾಡ್ದ" ಎಂದ ಕ್ಯಾಮೆರಾದವನು.

"ಉಗುಳು ಮಾವ. ಇದು ಊಟ ಅಲ್ಲ. ಎಲ್ರೂ ಏಳಿ" ಎಂದು ಅಂಜನಮ್ಮ ಕೊಪ್ಪರಿಗೆಯನ್ನು ಒದ್ದು ಉರುಳಿಸಿದಳು. ಮತ್ತೆ ಆ ಕಡೆ ಕಾಲಿಡಲಿಲ್ಲ.

ಅರವತ್ತರ ದಶಕದಲ್ಲಿ ಸ್ಟುಡಿಯೊ ಮುಚ್ಚಿ, ಆ ಜಾಗ ಸೈಟುಗಳಾಗಿ ಹಂಚಿಹೋಯಿತು. ಹಾಳಾಗಿ ಹೋಗಲಿ. ಅದು ಮುಚ್ಚಿದ ವರ್ಷವೇ ಅಂಜನಮ್ಮನ ಮಗಳ ಮದುವೆ. ಕರೆದವರೆಲ್ಲ ಬಂದರು, ಒಬ್ಬರೂ ತಪ್ಪಿಸಲಿಲ್ಲ. ಅವಳೇ ನಿಂತು ಬಡಿಸಿದಳು. ಸಾಲಿನ ಉದ್ದಕ್ಕೂ ಜನ ಅವಳ ಕಣ್ಣು ತಪ್ಪಿಸಿ, ಮೊದಲ ತುತ್ತನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಆಮೇಲೆ ಬಾಯಿಗಿಟ್ಟರು.