ಬಾಯಿ ಹರಿದ ಮೀನು

ಮೊಬೈಲಿನ ಗೀಳು ಬಿಡಿಸಿಕೊಳ್ಳಲು ನಾನು ಗಾಳ ಹಿಡಿದೆ. ಭಾನುವಾರ ಫೋನನ್ನು ಹಬ್ಬುವಾಡದ ಮನೆಯಲ್ಲೇ ಬಿಟ್ಟು ಬೆಳಂಬಾರಕ್ಕೆ ಹೋಗಿ ಸಮುದ್ರದ ಬಂಡೆಯ ಮೇಲೆ ಕೂರುತ್ತಿದ್ದೆ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಸಿಕ್ಕಿದ್ದರ ಬಾಯಿಂದ ಕೊಕ್ಕೆ ಕಿತ್ತು ಮತ್ತೆ ನೀರಿಗೆ ಬಿಡುತ್ತಿದ್ದೆ, ಅದೇ ಪುಣ್ಯವೆಂದುಕೊಂಡಿದ್ದೆ.

ಪಕ್ಕದಲ್ಲಿ ಬಂಡೆಗಂಟಿದ ಚಿಪ್ಪು ಕೆತ್ತುತ್ತಿದ್ದ ಮುದುಕಿ ಒಂದು ದಿನ ಕೇಳಿದಳು. "ತಿನ್ನುದಿಲ್ಲ ಅಂದ್ರೆ ಯಾಕೆ ಹಿಡಿತ್ರಿ?"

"ಮನಸ್ಸಿಗೆ ಸಮಾಧಾನ ಆಗ್ತದೆ, ಅಮ್ಮಾ."

"ನಾವು ಹೊಟ್ಟೆಗೆ ಕೊಲ್ತೇವು. ನಿಮ್ಮ ಸಮಾಧಾನಕ್ಕೆ ಅದ್ರ ಬಾಯಿ ಹರಿಬೇಕಾ?"

ಇವಳಿಗೇಕೆ ಊರ ಉಸಾಬರಿ ಎಂದು ಸಿಟ್ಟು ಬಂತು.

ಮುಂದಿನ ವಾರ ಸಿಕ್ಕ ಮೀನಿನ ತುಟಿಯಲ್ಲಿ ಹಳೆಯ ಗಾಯವಿತ್ತು. ನಾನೇ ಹರಿದದ್ದಿರಬೇಕು. ಕೊಕ್ಕೆ ಈ ಸಲ ಇನ್ನೊಂದು ಬದಿಗೆ ಸಿಕ್ಕಿತ್ತು. ಅದನ್ನೂ ಕಿತ್ತೆ. ಮನಸ್ಸು ನಿಜಕ್ಕೂ ಹಗುರವಾಯಿತು.