ಕೈ ಬೀಸದ ಹೊಲ

ಇವತ್ತು ಬೆಳಿಗ್ಗೆ ವಾಡಿಯಿಂದ ಚಿತ್ತಾಪುರಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ತೊಡೆಯ ಮೇಲಿದ್ದ ಡಬ್ಬಿಯಿಂದ ಭಜ್ಜಿಯ ವಾಸನೆ ಬಂತು. ಎಳ್ಳು ಅಮಾವಾಸ್ಯೆಯ, ನಮ್ಮ ಎಳ್ಳಮಾಸಿಯ, ಭಜ್ಜಿ ಗೊತ್ತಲ್ಲ ನಿಮಗೆ? ಎಣ್ಣೆಯಲ್ಲಿ ಕರಿದದ್ದಲ್ಲ, ಸಿಕ್ಕ ಕಾಳು, ಸಿಕ್ಕ ಸೊಪ್ಪು, ಸಿಕ್ಕ ಕಾಯಿ ಎಲ್ಲವನ್ನೂ ಕಡಲೆಹಿಟ್ಟು ಹಾಕಿ ಕುದಿಸಿದ್ದು. ಹೊಟ್ಟೆ ಬಿರಿಯುವಷ್ಟು ಅದನ್ನು ಉಂಡು ಬದುವಿನ ಮೇಲೆ ಉರುಳುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಮನೆತನದಲ್ಲೇ ಇರಲಿಲ್ಲ. ಈಗ ಕೆಲವು ವರ್ಷಗಳಿಂದ ಬಾಯಿಗಿಟ್ಟಿಲ್ಲ. ಡಾಕ್ಟರು ಬೇಡವೆಂದಿದ್ದಾರೆ ಎಂದು ಎಲ್ಲರಿಗೂ ಹೇಳುತ್ತೇನೆ, ಆದರೆ ಕಾರಣ ಅದಲ್ಲ.

ಎಳ್ಳಮಾಸಿಯ ದಿನ ನಮ್ಮ ಕಡೆ ಊರೇ ಹೊಲದಲ್ಲಿರುತ್ತದೆ. ಭೂಮಿತಾಯಿಗೆ ಚರಗ ಚೆಲ್ಲಿ, ಅಂದರೆ ನೈವೇದ್ಯವನ್ನು ಹೊಲದ ತುಂಬ ಎರಚಿ, ಆಮೇಲೆ ಊಟ. ಹೊಲದ ಹತ್ತಿರ ಸುಳಿದವರು ಉಣ್ಣದೆ ಹೋಗುವಂತಿಲ್ಲ. ನಮ್ಮ ಗುರಮ್ಮಕ್ಕ ಈ ಪದ್ಧತಿಯನ್ನು ಪೊಲೀಸರ ಹಾಗೆ ಜಾರಿ ಮಾಡುತ್ತಿದ್ದಳು. ಒಮ್ಮೆ ಕಂಬ ಹತ್ತಿದ್ದ ಲೈನ್‌ಮನ್‌ನನ್ನೇ, “ಇಳೀರಿ ಕೆಳಗ, ಉಂಡು ಹತ್ತೀರಂತ” ಎಂದು ಇಳಿಸಿದ್ದಳು. ಚಳಿಗಾಲವಿಡೀ ತಲೆಯ ಮೇಲೆ ಸುತ್ತುವ, ಹುಡುಗರು ಹಾರಿಸಲು ಕಲಿಯುವ ಪುಟ್ಟ ವಿಮಾನಗಳನ್ನು ಕಂಡರೂ ಅವಳದು ಅದೇ ಮಾತು: “ಯಾವ ತಾಯಿ ಮಗನೋ ಏನೋ, ಹಬ್ಬದ ದಿನಾನೂ ಹಾರ್ಲಿಕತ್ತಾನ. ಉಂಡಾನೋ ಇಲ್ಲೋ!”

ಆ ವರ್ಷ ಒಂದು ವಿಮಾನ ನಮ್ಮ ಕಡೆಗೇ ತಗ್ಗುತ್ತ ಬಂತು.

“ಉಣ್ಲಿಕ್ಕ ಬಂದಾನ ನೋಡ್ರೋ!” ಎಂದು ಅಕ್ಕ ನಗುತ್ತ, ಸೆರಗು ಬೀಸುತ್ತ, ತೊಗರಿ ಕೊಯ್ದು ಬಯಲಾಗಿದ್ದ ಪಟ್ಟಿಯ ನಡುವೆ ಓಡಿದಳು. ಅವಳ ಹಿಂದೆ ಸುತ್ತಲಿನ ಹೊಲದವರೆಲ್ಲ ಓಡಿದರು. ಎಲ್ಲರೂ ಕೈ ಬೀಸುವವರೇ. ಉಂಡ ಭಾರಕ್ಕೆ ನಾನೊಬ್ಬ ಏಳಲಾರದೆ ಬದುವಿನ ಮೇಲೆ ಕುಳಿತಿದ್ದೆ. ಅದರ ಸದ್ದು ನಿಂತುಹೋಗಿದೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಒಳಗಿನ ಹುಡುಗನ ಮುಖ ಕಾಣುವಷ್ಟು ಹತ್ತಿರ ಬಂದು, ವಿಮಾನ ತಟ್ಟನೆ ಓರೆಯಾಗಿ ಪಕ್ಕಕ್ಕೆ ಹೊರಳಿತು. ಆ ಕಡೆ ಇದ್ದ ಹಳೆಯ ಫರಸಿ ಕಲ್ಲಿನ ಗಣಿಗೆ ಬಿತ್ತು. ನಾವು ಹೋಗಿ ಮುಟ್ಟುವಷ್ಟರಲ್ಲಿ ಹುಡುಗನ ಜೀವ ಹೋಗಿತ್ತು.

ಗುರುವಿಲ್ಲದೆ ಒಬ್ಬನೇ ಹಾರಿಸುವ ಪಾಠವಂತೆ ಅದು. ಎಂಜಿನ್ ಕೈಕೊಟ್ಟಿತ್ತು. ಅಂಥ ಹೊತ್ತಿನಲ್ಲಿ ಬಯಲು ಹೊಲ ನೋಡಿ ಇಳಿಸಬೇಕೆಂದು ಕಲಿಸಿರುತ್ತಾರಂತೆ. ವಿಚಾರಣೆಗೆ ಬಂದ ಅಧಿಕಾರಿಗಳೆಲ್ಲರನ್ನೂ ಅಕ್ಕ ಅಡ್ಡಗಟ್ಟಿ ಕೇಳಿದಳು: “ಪಟ್ಟಿ ಖಾಲಿ ಇದ್ದಿದ್ರ ಉಳೀತಿದ್ನೇನ್ರಿ?” ಒಬ್ಬರು ಮಾತ್ರ ನಿಂತು, “ಹೇಳ್ಲಿಕ್ಕೆ ಬರಲ್ಲಮ್ಮ” ಎಂದರು. ಹೌದು ಎಂದಿದ್ದರೆ ಅತ್ತು ಮುಗಿಸುತ್ತಿದ್ದಳೋ ಏನೋ. ಆ ಮಾತು ಅವಳನ್ನು ಒಳಗೊಳಗೇ ತಿಂದಿತು. ಹುಡುಗನ ತಾಯಿಗೆ ನಿಜ ಹೇಳದೆ ತನಗೆ ಅನ್ನ ಸೇರುವುದಿಲ್ಲ ಎನ್ನತೊಡಗಿದಳು.

ಬೇಸಿಗೆಯಲ್ಲಿ ಆ ತಾಯಿಯೇ ರಾಯಚೂರಿನಿಂದ ಜಾಗ ನೋಡಲು ಬಂದರು. ನಾನು ಅಕ್ಕನಿಗೆ ಕಣ್ಣಿನಲ್ಲೇ ಬೇಡವೆಂದೆ. ಅವಳು ಕೇಳಬೇಕಲ್ಲ!

“ನಾವೇ ಅಡ್ಡ ನಿಂತಿದ್ವಿ ತಾಯಿ. ಆಟಕ್ಕ ಬಂದಾನ ಅಂತ ತಿಳದು ಕೈ ಬೀಸಿದ್ವಿ.”

ಆಕೆ ಗಣಿಯ ಕಡೆಯಿಂದ ಅಕ್ಕನತ್ತ ತಿರುಗಿದರು. “ಅವ ನಿಮ್ಮನ್ನ ನೋಡಿದ್ನೇನ್ರಿ?”

“ನೋಡಿದ್ದಕ್ಕೇ ಹೊರಳಿಸಿದ್ನರಿ.”

“ನಗ್ಲಿಕತ್ತಿದ್ರೇನು ನೀವು?”

“ಹೌದ್ರಿ.”

“ಒಬ್ಬನೇ ಹೋದ ಅಂತ ಭಾಳ ಸಂಕಟ ಆಗಿತ್ತು ನನಗ,” ಎಂದರು. ಕ್ಷಮಿಸಿದರೋ ಇಲ್ಲವೋ ನಾನರಿಯೆ. ಅಕ್ಕ ರೊಟ್ಟಿ ಬಡಿದಿದ್ದಳು, ಕೈ ಮುಗಿದು ಕೇಳಿಕೊಂಡಳು. ಆಕೆ ನೀರು ಮಾತ್ರ ಕುಡಿದು ಹೋದರು. ಅಕ್ಕನ ಹೊಲದಿಂದ ಉಣ್ಣದೆ ಹೋದವರಲ್ಲಿ ಮಗ ಮೊದಲನೆಯವನು, ಆಕೆ ಎರಡನೆಯವರು. ಆಮೇಲಿನ ಹಬ್ಬಗಳಿಗೆ ನಾನು ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡೆ.

ಈ ಸಲ ಅಕ್ಕನೇ ಫೋನಿನಲ್ಲಿ, “ನಾ ಸತ್ತ ಮ್ಯಾಲ ಬರ್ತೀಯೇನೋ ತಮ್ಮಾ?” ಎಂದು ಬೈದಳು. ಬಂದೆ. ಚರಗ ಚೆಲ್ಲಿ ಊಟಕ್ಕೆ ಕೂಡುವಷ್ಟರಲ್ಲಿ ಮೇಲೆ ಗುಂಯ್ ಎಂದಿತು. ಅಕ್ಕ ತನ್ನ ತಾಟು ಹಿಡಿದು ಎದ್ದಳು. ಆಚೀಚೆಯ ಹೊಲದವರೂ ತಮ್ಮ ತಮ್ಮ ತಾಟು ಹಿಡಿದು ಎದ್ದರು. ಎಲ್ಲರೂ ಪಟ್ಟಿ ಖಾಲಿ ಮಾಡಿ ಬದುವಿಗೆ ಸರಿದು ನಿಂತರು. ಅಕ್ಕನ ಪುಟ್ಟ ಮೊಮ್ಮಗಳು ಬೀಸಲೆಂದು ಕೈ ಎತ್ತಿದಳು. ಅಕ್ಕ ಆ ಕೈಯನ್ನು ಮೆಲ್ಲಗೆ ಇಳಿಸಿದಳು. ನಾನೂ ಮೊಣಕಾಲು ಹಿಡಿದುಕೊಂಡು ಎದ್ದು ಅವರ ಪಕ್ಕಕ್ಕೆ ಹೋಗಿ ನಿಂತೆ.

ವಿಮಾನ ಹಾದುಹೋಯಿತು. ಅದರೊಳಗಿದ್ದ ಹುಡುಗನಿಗೆ, ಈ ಊರಿನವರು ಎಂಥ ಬಿಗುಮಾನದವರಪ್ಪ, ಹಬ್ಬದ ದಿನವೂ ಒಬ್ಬರೂ ಕೈ ಎತ್ತುವುದಿಲ್ಲ ಅನ್ನಿಸಿರಬೇಕು.